ಮಾಲ್‌ಸುನ್ ಅಕ್ಕನ ಮೆಮಿಲ್ ಲೇಪ

ನಮ್ಮ ಯೊಂಗ್‌ದೆ ಕಣಿವೆಯಲ್ಲಿ ಚಳಿಗಾಲವೆಂದರೆ ಮೀನು ಒಣಗಿಸುವ ಕಾಲ. ಸಮುದ್ರದ ಕಡೆಯಿಂದ ಬಂದ ಮೀನನ್ನು ಕೊರೆಯುವ ನೀರಿನಲ್ಲಿ ತೊಳೆದು, ಜೋಡಿ ಜೋಡಿಯಾಗಿ ಕಟ್ಟಿ ಮರದ ಚಪ್ಪರಕ್ಕೆ ನೇತುಹಾಕುತ್ತೇವೆ. ಗಾಳಿ ಮೀನಿನ ಜೊತೆಗೆ ನಮ್ಮನ್ನೂ ಒಣಗಿಸುತ್ತದೆ. ಬೆರಳ ಸಂದಿ ಸೀಳುತ್ತದೆ, ತುಟಿ ಒಡೆಯುತ್ತದೆ. ಮನೆಗೆ ಬಂದು, ಒಲೆಯ ಕಾವನ್ನು ಅಡಿಯಲ್ಲಿ ಹಾಯಿಸಿದ ಬಿಸಿ ನೆಲದ ಮೇಲೆ ಮಲಗಿದರೆ ಇದ್ದಬದ್ದ ಪಸೆಯೂ ಆರಿ ಹಿಮ್ಮಡಿ ಬಿರಿಯುತ್ತದೆ. ಅಂಗಡಿಯ ಮುಲಾಮು ನಮ್ಮ ಕೆಲಸದ ಮುಂದೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಚಪ್ಪರದ ಹೆಂಗಸರೆಲ್ಲ ಮಾಲ್‌ಸುನ್ ಅಕ್ಕನ ಅಡುಗೆಮನೆಗೆ ಹೋಗುತ್ತಿದ್ದೆವು.

ಅವಳು ನನ್ನ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಮಗ ಗ್ಯೂಚೊಲ್, ಸೊಸೆ ಬೊರಾ ಇಬ್ಬರೊಂದಿಗೆ ಇದ್ದಳು. ಕೈ ಒಡೆದವರಿಗೆ ಅಕ್ಕಿ ತೊಳೆದ ಎರಡನೇ ನೀರನ್ನು ಬೆಚ್ಚಗೆ ಮಾಡಿ ಅದರಲ್ಲಿ ಕೈ ಅದ್ದಿಸುತ್ತಿದ್ದಳು. ಆಮೇಲೆ ಎಳ್ಳೆಣ್ಣೆಗೆ ಜೇನು ಕಲಸಿ ತಿಕ್ಕಿ, ಬಟ್ಟೆಯ ಕೈಗವಸು ತೊಡಿಸುತ್ತಿದ್ದಳು. ಎಲ್ಲಕ್ಕಿಂತ ಹೆಸರಾದದ್ದು ಅವಳ ಮೆಮಿಲ್ ಲೇಪ. ಮೆಮಿಲ್ ನಮ್ಮ ಬೆಟ್ಟದ ಇಳಿಜಾರಿನಲ್ಲಿ ಬೆಳೆಯುವ, ಮೂರು ಮೂಲೆಯ ಕಪ್ಪು ಕಾಳು. ನಮ್ಮ ಶಾವಿಗೆ, ದೋಸೆ, ಹಲ್ವದಂತೆ ನಡುಗುವ ಮುಕ್ ಎಲ್ಲ ಅದರ ಹಿಟ್ಟಿನದೇ. ಅವಳು ಆ ಹಿಟ್ಟನ್ನು ಅಕ್ಕಿ ನೀರಿನಲ್ಲಿ ಕಲಸಿ, ಎಣ್ಣೆ ಬಿಟ್ಟು, ಕೆನೆಯ ಹದಕ್ಕೆ ತರುತ್ತಿದ್ದಳು.

ಔಷಧದ ಜೊತೆಗೆ ಬೈಗುಳವೂ ಸಿಗುತ್ತಿತ್ತು. ಒಮ್ಮೆ ನನ್ನ ಅಂಗೈ ಹಿಡಿದು ನೋಡಿ, “ಏನೇ ಇದು, ಕೈಯೋ ಒಣಮೀನೋ? ಇನ್ನೆರಡು ದಿನ ತಡ ಮಾಡಿದ್ರೆ ನಿನ್ನನ್ನೂ ಚಪ್ಪರಕ್ಕೆ ಕಟ್ತಿದ್ರು” ಅಂದಿದ್ದಳು.

ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕೈಯಿಂದ ರಕ್ತ ಬಂದು ಮೀನಿಗೆ ಹತ್ತುತ್ತಿತ್ತಂತೆ. ಮೀನು ಹಾಳಾಯಿತೆಂದು ಅತ್ತೆ ಬೈದಳೇ ಹೊರತು ಕೈ ನೋಡಲಿಲ್ಲ. ಆಗ ಅಡುಗೆಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಹಚ್ಚಿ ಹಚ್ಚಿ ತಾನೇ ಕಲಿತದ್ದು ಅದು. ಯಾರ ಕೈಯಾದರೂ ಮೆತ್ತಗಾದರೆ ಅವಳ ಮುಖದಲ್ಲಿ ಒಂದು ಗೆಲುವು ಕಾಣುತ್ತಿತ್ತು.

ಬೊರಾಳಿಗೆ ಹೆಣ್ಣುಮಗು ಹುಟ್ಟಿತು. ದಾನ್‌ಬಿ ಎಂದು ಹೆಸರಿಟ್ಟರು. ಮೊದಲ ಚಳಿಗಾಲ ಬರುತ್ತಲೇ ಮಗುವಿನ ಕೆನ್ನೆ ಕೆಂಪಾಗಿ ಬಿರುಕು ಬಿಟ್ಟಿತು. ಮೊಣಕೈ ಮಡಿಕೆಯಲ್ಲಿ ಚರ್ಮ ಒಡೆದು ನೀರು ಒಸರತೊಡಗಿತು. ಮಗು ಕೆರೆದುಕೊಂಡು ಅಳುತ್ತಿತ್ತು. ಬೊರಾ ಅದನ್ನು ವೈದ್ಯರಿಗೆ ತೋರಿಸಿ ಒಂದು ಡಬ್ಬಿ ಮುಲಾಮು ತಂದಳು. ಅದರ ಹೊರತು ಬೇರೇನನ್ನೂ ಹಚ್ಚಬೇಡಿ, ಅತ್ತೆ, ಎಂದು ಕೈಮುಗಿದಂತೆಯೇ ಕೇಳಿಕೊಂಡಳು. ಮಾಲ್‌ಸುನ್ ಆಗಲಿ ಎಂದಳು.

ಬೊರಾ ಹೆದ್ದಾರಿಯ ಊಟದ ಮನೆಯಲ್ಲಿ ಕೆಲಸಕ್ಕಿದ್ದಳು. ಹಗಲೆಲ್ಲ ಮಗು ಅಜ್ಜಿಯ ಬೆನ್ನ ಮೇಲೆ. ಮುಲಾಮು ಹಚ್ಚಿದರೂ ಕೆನ್ನೆ ಮತ್ತೆ ಮತ್ತೆ ಒಡೆಯುತ್ತಿತ್ತು. ಊರಿನವರ ಕೈಯನ್ನೆಲ್ಲ ಸರಿಮಾಡಿದವಳಿಗೆ ಸ್ವಂತ ಮೊಮ್ಮಗಳ ಕೆನ್ನೆ ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಬೊರಾ ಕೆಲಸಕ್ಕೆ ಹೋದ ಮೇಲೆ ಮೆಮಿಲ್ ಲೇಪ ಹಚ್ಚಿ, ಅವಳು ಬರುವ ಮುಂಚೆ ಒರೆಸಿ, ಮೇಲೆ ವೈದ್ಯರ ಮುಲಾಮು ಸವರಿಡುತ್ತಿದ್ದಳು. ಒಂದಷ್ಟು ದಿನ ಕೆನ್ನೆ ನಿಜಕ್ಕೂ ತಿಳಿಯಾಯಿತು. ಮುಲಾಮಿನಿಂದ ಗುಣವಾಯಿತೆಂದು ಬೊರಾ ಹಿಗ್ಗಿದಾಗ ಮಾಲ್‌ಸುನ್ ಒಳಗೇ ನಕ್ಕಿರಬೇಕು. ಆಮೇಲೆ ಕೆಂಪು ಮರಳಿ ಬಂತು. ಅವಳು ಲೇಪವನ್ನು ಇನ್ನಷ್ಟು ದಪ್ಪಗೆ ಹಚ್ಚಿದಳು.

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನಮ್ಮನ್ನೆಲ್ಲ ಕರೆದಿದ್ದರು. ಬಣ್ಣದ ಪಟ್ಟಿಯ ತೋಳಿನ ಅಂಗಿ ತೊಡಿಸಿ, ಮಗು ಹಿಡಿದದ್ದೇ ಅದರ ಭವಿಷ್ಯವೆಂದು ಮುಂದೆ ನೂಲು, ಅಕ್ಕಿ, ಕುಂಚ ಇಟ್ಟಿದ್ದರು. ದಾನ್‌ಬಿ ನೂಲಿನ ಲಡಿ ಹಿಡಿದಳು. ದೀರ್ಘಾಯುಷ್ಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಕೂತಾಗ ಮಾಲ್‌ಸುನ್ ತಾನೇ ಮಾಡಿದ ಮೆಮಿಲ್ ಮುಕ್ಕಿನ ಉಗುರಿನಷ್ಟು ಚೂರನ್ನು ಮಗುವಿನ ಬಾಯಿಗಿಟ್ಟಳು. ಅದರಲ್ಲಿ ಕದ್ದುಮುಚ್ಚಿದ್ದೇನೂ ಇರಲಿಲ್ಲ. ಬೊರಾ ಪಕ್ಕದಲ್ಲೇ ಕೂತು ನಗುತ್ತಿದ್ದಳು.

ಬಟ್ಟಲು ಎತ್ತುವಷ್ಟರಲ್ಲಿ ಮಗುವಿನ ತುಟಿ ಊದಿಕೊಂಡಿತು. ಕಣ್ಣಿನ ರೆಪ್ಪೆ ಬಾತು ಮುಚ್ಚಿಹೋಯಿತು. ಮೈತುಂಬ ದದ್ದು ಎದ್ದವು. ಅಳಲು ಬಾಯಿ ತೆರೆದರೆ ದನಿಯ ಬದಲು ಸಿಳ್ಳೆಯಂಥ ಉಸಿರು ಬಂತು. ಗ್ಯೂಚೊಲ್ ಬರಿಗಾಲಲ್ಲೇ ಹಿಮದ ಮೇಲೆ ಓಡಿ ಕಾರು ತೆಗೆದ. ನಾನೂ ಅವರ ಜೊತೆ ಹತ್ತಿದೆ. ಕಣಿವೆಯ ಆಚೆ ಊರಿನ ಆಸ್ಪತ್ರೆಯವರೆಗೆ ಬೊರಾ ಮಗುವಿನ ಹೆಸರನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಮಾಲ್‌ಸುನ್ ಮಗುವಿನ ಪುಟ್ಟ ಪಾದವನ್ನು ಹಿಡಿದೇ ಕೂತಿದ್ದಳು.

ಸೂಜಿಮದ್ದು ಬಿದ್ದ ಮೇಲೆ ಉಸಿರು ಸರಿಯಾಯಿತು. ಮಗು ಅತ್ತಿತು.

ವೈದ್ಯೆ ಮೃದುವಾಗಿಯೇ ವಿಚಾರಿಸಿದರು. ಮಗು ಏನು ತಿಂದಿತ್ತು, ಇದಕ್ಕೆ ಮುಂಚೆ ಯಾವಾಗಲಾದರೂ ಮೆಮಿಲ್ ತಿಂದಿತ್ತೇ ಎಂದರು. ಇಲ್ಲ, ಇವತ್ತೇ ಮೊದಲು ಎಂದಳು ಬೊರಾ. ವೈದ್ಯೆಯ ಲೆಕ್ಕಕ್ಕೆ ಅದು ಹೊಂದಲಿಲ್ಲ. ಮೈ ಒಂದು ಪದಾರ್ಥವನ್ನು ಮೊದಲೇ ಕಂಡಿದ್ದರೆ ಮಾತ್ರ ಹೀಗೆ ತಿರುಗಿಬೀಳುವುದು ಎಂದರು. ಹಾಲಿನ ಪುಡಿಯೇ, ಮಸಾಲೆಯೇ, ಬೇರೇನಾದರೂ ಇರಬಹುದೇ ಎಂದು ಯೋಚಿಸತೊಡಗಿದರು. ಅಜ್ಜಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಮಾಲ್‌ಸುನ್ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ತಿನ್ನಿಸಿಲ್ಲ, ಹಚ್ಚಿದೀನಿ,” ಎಂದಳು ಅವಳು. “ಕೆನ್ನೆಗೆ, ಮೊಣಕೈಗೆ. ಚಳಿ ಶುರುವಾದಾಗಿಂದ ದಿನಾ ಹಚ್ಚಿದೀನಿ. ಸೊಸೆ ಬೇಡ ಅಂದಿದ್ಲು.”

ಬೊರಾ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಮಗುವನ್ನು ಎತ್ತಿಕೊಂಡು, ಅತ್ತೆಯ ಕೈಗೆ ಎಟುಕದ ಕಡೆಯ ಕುರ್ಚಿಗೆ ಹೋಗಿ ಕೂತಳು.

ಒಡೆದ ಚರ್ಮದ ಮೂಲಕ ಒಳಹೋದದ್ದನ್ನು ಎಳೆ ಮೈ ಶತ್ರುವೆಂದು ಗುರುತಿಟ್ಟುಕೊಳ್ಳಬಹುದು ಎಂದು ವೈದ್ಯೆ ವಿವರಿಸಿದರು. ಲೇಪದಿಂದಲೇ ಹೀಗಾಯಿತೆಂದು ಖಂಡಿತ ಹೇಳಲಾಗದು, ಆದರೆ ಆಗಿರಬಹುದು. ಇನ್ನು ಮುಂದೆ ಈ ಮಗುವಿಗೆ ಮೆಮಿಲ್ ಸೋಕಲೂ ಬಾರದು. ನೀವು ಹೇಳಿದ್ದರಿಂದ ಈಗಲೇ ತಿಳಿಯಿತು, ಒಳ್ಳೆಯದಾಯಿತು ಎಂದು ಮಾಲ್‌ಸುನ್‌ಳಿಗೆ ಹೇಳಿದರು. ಆ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಬೊರಾ ಆಸ್ಪತ್ರೆಯಿಂದ ನೇರ ತವರಿಗೆ ಹೋದಳು. ಗ್ಯೂಚೊಲ್ ಅಮ್ಮನ ಎದುರು ಕೂತು ಉಣ್ಣುತ್ತಿದ್ದನಾದರೂ ತಲೆ ಎತ್ತುತ್ತಿರಲಿಲ್ಲ. ಮಾಲ್‌ಸುನ್ ಮನೆಯಲ್ಲಿದ್ದ ಮೆಮಿಲ್ ಹಿಟ್ಟನ್ನೆಲ್ಲ ನನ್ನ ಮನೆಗೆ ತಂದು ಸುರಿದಳು. ಮೆಮಿಲ್ ಹೊಟ್ಟು ತುಂಬಿದ ದಿಂಬುಗಳನ್ನು ಸುಟ್ಟಳು. ಮುಕ್ ಕಾಸುವ ಪಾತ್ರೆ, ಹಿಟ್ಟಿನ ಜರಡಿ, ಒರಳು ಎಲ್ಲವನ್ನೂ ಕುದಿನೀರಿನಲ್ಲಿ ತೊಳೆದಳು. ತೊಳೆದ ಕೈಗೆ ಏನನ್ನೂ ಹಚ್ಚಿಕೊಳ್ಳಲಿಲ್ಲ. ಆ ಚಳಿಯಲ್ಲಿ ಅವಳ ಬೆರಳುಗಳು ಸೀಳಿ ರಕ್ತ ಒಸರಿದ್ದನ್ನು ನಾವೆಲ್ಲ ಚಪ್ಪರದಲ್ಲಿ ನೋಡಿದೆವು.

ನಾನು ಎಳ್ಳೆಣ್ಣೆ ತೆಗೆದುಕೊಂಡು ಹೋದೆ. “ಕೈ ಕೊಡು, ಅಕ್ಕ” ಎಂದೆ.

“ಬಿಡೇ. ಈ ಕೈಗೂ ಉರಿ ಅಂದ್ರೇನು ಅಂತ ಗೊತ್ತಾಗ್ಲಿ.”

“ನೀನು ಕೈ ಸೀಳ್ಕೊಂಡ್ರೆ ಮಗೂಗೆ ವಾಸಿಯಾಗುತ್ತಾ?”

ಅವಳು ಕೈ ಕೊಡಲಿಲ್ಲ.

ಹಿಮ ಕರಗಿದ ಮೇಲೆ ಬೊರಾ ಮರಳಿ ಬಂದಳು. ಆದರೆ ಮಗುವನ್ನು ತನ್ನ ಜೊತೆಗೇ ಕೆಲಸಕ್ಕೆ ಒಯ್ಯುತ್ತಿದ್ದಳು. ಮುಂದಿನ ಚಳಿಗೆ ಹೆಂಗಸರು ಲೇಪ ಕೇಳಿಕೊಂಡು ಬಂದರೆ ಮಾಲ್‌ಸುನ್ ಬಾಗಿಲಲ್ಲೇ ವಾಪಸು ಕಳಿಸಿದಳು. ಕೂಸಿದ್ದ ಮನೆಯವರಿಗೆ ಮಾತ್ರ ತಾನು ಮಾಡಿದ್ದನ್ನು ಇದ್ದ ಹಾಗೆ ಹೇಳಿ, ವೈದ್ಯರ ಬಳಿಗೆ ಹೋಗಿ ಎನ್ನುತ್ತಿದ್ದಳು. ಕೆಲವರು ಮುಜುಗರಪಟ್ಟರು, ಒಬ್ಬಿಬ್ಬರು ಹಿಂದಿನಿಂದ ಆಡಿಕೊಂಡರು. ಅವಳು ಹೇಳುವುದನ್ನು ನಿಲ್ಲಿಸಲಿಲ್ಲ.

ದಾನ್‌ಬಿ ಈಗ ಶಾಲೆಗೆ ಹೋಗುತ್ತಾಳೆ. ನಮ್ಮ ಕಡೆ ಮದುವೆಯಿರಲಿ, ತಿಥಿಯಿರಲಿ, ಮೆಮಿಲ್ ಇಲ್ಲದ ಊಟವಿಲ್ಲ. ಹಾಗಾಗಿ ಅವಳು ಎಲ್ಲಿ ಹೋದರೂ ತನ್ನ ಬುತ್ತಿ ಹಿಡಿದು ಬೇರೆ ಕೂರಬೇಕು. ಈ ಶರತ್ಕಾಲದಲ್ಲಿ ನಾನು, ಅಕ್ಕ, ಅವಳ ಸೊಸೆ ಮೂವರೂ ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತ ಕೂತಿದ್ದಾಗ ಬೊರಾ ತಲೆ ಎತ್ತದೆ ಹೇಳಿದಳು:

“ಅತ್ತೆ, ಅವತ್ತು ಡಾಕ್ಟರ ಮುಂದೆ ನೀವು ಸುಮ್ನೆ ಇರಬಹುದಿತ್ತು. ಆದ್ರೆ ಹೇಳಿದ್ರಿ. ಅದನ್ನ ನಾನು ಮರೆತಿಲ್ಲ.” ಮತ್ತೊಂದು ಮೂಲಂಗಿ ಕೈಗೆತ್ತಿಕೊಂಡು, “ಇನ್ನೊಂದನ್ನೂ ಮರೆಯಕ್ಕಾಗಿಲ್ಲ” ಎಂದಳು.

“ಮರೀಬೇಡಮ್ಮ,” ಎಂದಳು ಮಾಲ್‌ಸುನ್. ಆಮೇಲೆ ಸೊಸೆ ಹೆಚ್ಚಿಟ್ಟ ಮೂಲಂಗಿಯನ್ನು ತನ್ನ ಕಡೆಗೆ ಎಳೆದುಕೊಂಡು ಉಪ್ಪು ಹಾಕತೊಡಗಿದಳು.