ಬಂದೂಕಿನ ಮೇಲೆ ಕಟ್ಟಿದ ಮಂಜು

ಮೊನ್ನೆ ಅಟ್ಟದಿಂದ ಹಳೆಯ ಮೇಣದ ಡಬ್ಬಿ ಇಳಿಸಿಕೊಂಡೆ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿದಾಗ ಜೇನುಮೇಣ, ಟರ್ಪಂಟೈನ್ ಬೆರೆತ ವಾಸನೆ ಮೂಗಿಗೆ ಬಡಿಯಿತು. ಡಬ್ಬಿ ತೆಗೆದದ್ದು ನನ್ನ ಹೆಂಡತಿಯ ಕುರ್ಚಿಗೆಂದು. ಆದರೆ ವಾಸನೆಯ ಹಿಂದೆಯೇ ನಲವತ್ತು ವರ್ಷದ ಹಿಂದಿನ ಓನರಮ್ಮ ಬಂದು ನಿಂತರು. ಕುರ್ಚಿಯ ಮಾತು ಆಮೇಲೆ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಆನೇಕಲ್ ಕಡೆಯ ಒಂದು ಹಳ್ಳಿಯಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ಹೊಸೂರು ರಸ್ತೆಯ ಬದಿಯಲ್ಲಿ ಹೊಸದಾಗಿ ಎದ್ದಿದ್ದ ಫ್ಯಾಕ್ಟರಿಗಳಿಗೆ ಟಿವಿ, ರೇಡಿಯೋಗಳ ಮರದ ಪೆಟ್ಟಿಗೆ ಮಾಡಿಕೊಡುವ ಶೆಡ್ಡೊಂದರಲ್ಲಿ ಪಾಲಿಷ್ ಕೆಲಸ. ಮರಕ್ಕೆ ಹೊಳಪು ಕೊಡುವುದರಲ್ಲಿ ನನ್ನ ಬಿಟ್ಟರೆ ಇನ್ನೊಬ್ಬನಿಲ್ಲ ಎಂಬ ಜಂಬ ಆಗಲೇ ತಲೆಗೇರಿತ್ತು.

ಓನರಮ್ಮನ ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ನಾನು ಅವರನ್ನು ಕಂಡವನಲ್ಲ. ಕಾಡುಹಂದಿ ಕಾಯಲು ರಾಗಿ ಹೊಲದ ಅಟ್ಟಣೆ ಹತ್ತಿದವರು ಬೆಳಗಾದರೂ ಇಳಿದಿರಲಿಲ್ಲವಂತೆ. ಹೋಗಿ ನೋಡಿದರೆ ಬಂದೂಕಿನ ಮರದ ಹಿಡಿಗೆ ಕೆನ್ನೆ ಕೊಟ್ಟು ಗುರಿ ನೋಡುತ್ತಿದ್ದಂತೆಯೇ ಕೂತಿದ್ದರಂತೆ. ಎದೆಬಡಿತ ನಿಂತು ಎಷ್ಟು ಹೊತ್ತಾಗಿತ್ತೋ... ತಲೆಗೂದಲ ಮೇಲೆಲ್ಲ ಇಬ್ಬನಿ ಕೂತಿತ್ತಂತೆ.

ಆ ಬಂದೂಕು ನಡುಮನೆಯ ಗೋಡೆಯಲ್ಲಿ ಎರಡು ಗೂಟಗಳ ಮೇಲೆ ಮಲಗಿತ್ತು. ಲೈಸೆನ್ಸು ಓನರಮ್ಮನ ಮೈದುನನ ಹೆಸರಿಗಾಗಿತ್ತು. ಪಕ್ಕದ ಮನೆಯಲ್ಲೇ ಇದ್ದ ಆತನಿಗೆ ಬಂದೂಕು ಬೇಕಿರಲಿಲ್ಲ, ಮಾರಿದರೆ ಸಾಕಾಗಿತ್ತು. ಆದರೆ ನೋಡಲು ಬಂದ ಪೇಟೆಯ ಬಂದೂಕಿನಂಗಡಿಯವನು ಹಿಡಿಯ ಎಡಬದಿಯಲ್ಲಿ ಅಂಗೈಯಗಲ ಕಟ್ಟಿದ್ದ ಬಿಳಿ ಮಬ್ಬನ್ನು ತೋರಿಸಿ, ಇದು ಹೋದರೆ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಬೇಡ ಎಂದು ಹೇಳಿ ಹೋಗಿದ್ದ. ಗುರಿಯಿಡುವಾಗ ಕೆನ್ನೆ ತಾಗುತ್ತದಲ್ಲ, ಸರಿಯಾಗಿ ಅದೇ ಜಾಗ.

"ನೀನು ಪಾಲಿಷ್ ಕೆಲಸ್ದೋನಲ್ವೇನಪ್ಪಾ, ಇದೊಂಚೂರು ಒಳೆಯೋ ಅಂಗೆ ಮಾಡ್ಕೊಟ್ಬುಡು," ಎಂದ ಮೈದುನ. ಓನರಮ್ಮ ಬಾಗಿಲ ಬಳಿ ನಿಂತಿದ್ದರು. ಆತ ಹೋದ ಮೇಲೆ ಮೆಲ್ಲಗೆ, "ಅದು ಓಗ್ದೇ ಇದ್ರೇನೇ ಒಳ್ಳೇದು ಕಣಪ್ಪಾ. ಬಂದೂಕು ಮನೇಲೇ ಇರ್ತದೆ," ಎಂದರು.

ಅವರ ಮಾತು ನನಗೆ ಅರ್ಥವಾಯಿತು. ಅರ್ಥವಾದರೂ ಕೆಲಸಕ್ಕೆ ಕೂತೆ. ನನ್ನ ಕೈಗೆ ಬಂದ ಮರ ಮಬ್ಬಾಗಿ ಉಳಿಯುವುದೆಂದರೇನು!

ಮೇಣ ಬೆಳ್ಳಗಾಗುವುದರಲ್ಲಿ ದೆವ್ವ ಭೂತದ ಕೈವಾಡವೇನಿಲ್ಲ. ಆರದ ಮರಕ್ಕೆ ಮೇಣ ಬಳಿದರೆ, ಇಲ್ಲವೇ ದಪ್ಪಗೆ ಬಳಿದರೆ, ಒಳಗೆ ಸಿಕ್ಕಿಕೊಂಡ ತೇವ ಮಂಜಿನಂತೆ ಕಾಣುತ್ತದೆ. ಮಳೆಗಾಲದಲ್ಲಿ ನಮ್ಮ ಟಿವಿ ಪೆಟ್ಟಿಗೆಗಳಿಗೂ ಇದೇ ಕಾಯಿಲೆ. ಟರ್ಪಂಟೈನ್ ಬಟ್ಟೆಯಲ್ಲಿ ಹಳೆಯ ಮೇಣ ಒರೆಸಿ ತೆಗೆದೆ. ಎರಡು ದಿನ ಒಲೆಯ ಹಿಂದಿನ ಬೆಚ್ಚನೆಯ ಗೋಡೆಗೆ ಒರಗಿಸಿಟ್ಟೆ. ಹೊಸ ಮೇಣ ತೆಳ್ಳಗೆ ಸವರಿ, ಆರಲು ಬಿಟ್ಟು, ಉಣ್ಣೆ ಬಟ್ಟೆಯಲ್ಲಿ ತಿಕ್ಕಿದೆ. ಹುಣಸೆಬೀಜದ ಹಾಗೆ ಹೊಳೆಯಿತು. ಐದನೆಯ ದಿನ ಎಡಬದಿ ಮತ್ತೆ ಬೆಳ್ಳಗಾಗಿತ್ತು.

ಮೂರು ಸಲ ತೆಗೆದೆ, ಮೂರು ಸಲವೂ ಬಂತು. ಅದೇ ಜಾಗ, ಅದೇ ಆಕಾರ. ಮೇಲೆ ದುಂಡಗೆ, ಕೆಳಗೆ ದವಡೆಯ ಹಾಗೆ ಇಳಿದು... ಮಣ್ಣಿನ ಗೋಡೆಯ ತೇವವಿರಬೇಕೆಂದು ಬಂದೂಕನ್ನು ತಿರುಗಿಸಿ ಮಲಗಿಸಿ ನೋಡಿದೆ. ಎಡಬದಿ ಗೋಡೆಯ ಕಡೆಗಿದ್ದರೂ ಮಬ್ಬು ಕಟ್ಟುತ್ತಿತ್ತು, ನಮ್ಮ ಕಡೆಗಿದ್ದರೂ ಕಟ್ಟುತ್ತಿತ್ತು. ಶೆಡ್ಡಿನಲ್ಲಿ ಕೆಲಸ ಮಾಡುವಾಗಲೂ ಅದೇ ಯೋಚನೆ. ಊಟ ಸೇರದಾಯಿತು.

ಒಂದು ಬೆಳಿಗ್ಗೆ ನೀರು ಕೇಳಲೆಂದು ಹಿತ್ತಿಲ ಬಾಗಿಲಿಗೆ ಹೋದೆ. ಓನರಮ್ಮ ಸ್ನಾನ ಮುಗಿಸಿ ನಡುಮನೆಯ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಂದೂಕು. ಒದ್ದೆ ಕೆನ್ನೆಯನ್ನು ಹಿಡಿಗೆ ಒತ್ತಿ ಕಣ್ಣು ಮುಚ್ಚಿದ್ದರು. ಕೂದಲಿನಿಂದ ಇಳಿದ ನೀರು ಮರದ ಮೇಲೆ ಹರಿಯುತ್ತಿತ್ತು.

ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಗುಟ್ಟು ಸಿಕ್ಕಿತಲ್ಲ! ನಗುತ್ತಲೇ, "ಅಮ್ಮಾ, ಇದೆಲ್ಲ ನಿಮ್ಮ ಒದ್ದೆ ಕೆನ್ನೆ ಮಾಡ್ತಿರೋ ಕೆಲ್ಸ ನೋಡಿ," ಎಂದೆ.

ಅವರು ಬೆಚ್ಚಲಿಲ್ಲ, ನಾಚಲೂ ಇಲ್ಲ. ಬಂದೂಕನ್ನು ನನ್ನ ಕೈಗಿಟ್ಟರು. "ನಾನು ಈ ಕಡೆ ಮಡಗೋದು ಕಣಪ್ಪಾ. ಆ ಕಡೆ ಅವ್ರುದು."

ನೀರಿದ್ದದ್ದು ಬಲಬದಿಯಲ್ಲಿ. ದಿನವೂ ಒದ್ದೆಯಾಗುತ್ತಿದ್ದ ಆ ಬದಿ ಒಂದು ಚುಕ್ಕೆಯೂ ಇಲ್ಲದೆ ಹೊಳೆಯುತ್ತಿತ್ತು. ತಿರುಗಿಸಿದೆ. ಎಡಬದಿಯಲ್ಲಿ ಒಂದು ಹನಿ ನೀರಿರಲಿಲ್ಲ, ಮಬ್ಬು ಮಾತ್ರ ಇತ್ತು. ಬೆರಳಿಟ್ಟೆ. ಇಬ್ಬನಿ ಬಿದ್ದ ಕಲ್ಲಿನ ಹಾಗೆ ತಣ್ಣಗಿತ್ತು...

ಸುಳ್ಳೇಕೆ ಹೇಳಲಿ, ನಾನು ಹೆದರಿದೆ. ಹೆದರಿದ್ದನ್ನು ಒಪ್ಪಿಕೊಳ್ಳಲಾಗದೆ ಸಿಟ್ಟಾದೆ. ಆ ಭಾನುವಾರ, ಓನರಮ್ಮ ಸಂತೆಗೆ ಹೋಗಿದ್ದಾಗ, ಹಿಡಿಯ ಮೇಣವನ್ನೆಲ್ಲ ಪೂರ್ತಿ ತೆಗೆದು, ಪಾಲಿಷ್ ಪೇಪರಿನಲ್ಲಿ ಬರಿಯ ಮರ ಕಾಣುವವರೆಗೆ ಉಜ್ಜಿದೆ. ಮೇಣ ಉಸಿರಾಡುತ್ತದೆ, ವಾರ್ನಿಷ್ ಉಸಿರಾಡುವುದಿಲ್ಲ ಎಂದು ನಮ್ಮ ಶೆಡ್ಡಿನಲ್ಲಿ ಹೇಳುತ್ತಿದ್ದರು. ಸಂಜೆ ಮೊದಲ ಕೋಟು ವಾರ್ನಿಷ್ ಹೊಡೆದೆ. ಎರಡು ದಿನದಲ್ಲಿ ಇನ್ನೆರಡು ಕೋಟು. ಅವರನ್ನು ಒಂದು ಮಾತು ಕೇಳಲಿಲ್ಲ. ಆ ದಿನ ಸಂತೆಯಿಂದ ಬಂದವರು ನೋಡಿದರು, ಚೀಲ ಎತ್ತಿಕೊಂಡು ಒಳಗೆ ಹೋದರು.

ವಾರವಾಯಿತು, ಎರಡು ವಾರವಾಯಿತು. ಮಬ್ಬು ಬರಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಅಂಗಡಿಯವನು ಬಂದ, ಬಂದೂಕನ್ನು ಗೋಣಿಯಲ್ಲಿ ಸುತ್ತಿಕೊಂಡ. ಓನರಮ್ಮ ಅಳಲಿಲ್ಲ. ಗೋಣಿಯನ್ನು ಒಂದು ಸಲ ಮುಟ್ಟಿ ನನ್ನ ಕಡೆ ತಿರುಗಿ, "ಅವ್ರ ಉಸ್ರು ಕಟ್ಟಿಸ್ಬುಟ್ಯಲ್ಲಪ್ಪಾ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದಾದ ಮೇಲೂ ಅವರು ದಿನಾ ಸ್ನಾನ ಮುಗಿಸಿ ಅದೇ ಜಾಗದಲ್ಲಿ ಕೂರುತ್ತಿದ್ದರು. ತೊಡೆಯ ಮೇಲೆ ಏನೂ ಇರುತ್ತಿರಲಿಲ್ಲ. ಕತ್ತು ಅಷ್ಟೇ ವಾಲುತ್ತಿತ್ತು, ಕೆನ್ನೆ ಅಷ್ಟೇ ಎತ್ತರದಲ್ಲಿ ನಿಲ್ಲುತ್ತಿತ್ತು, ಬರೀ ಗಾಳಿಗೆ ಒರಗಿದಂತೆ... ಅದನ್ನು ನೋಡಲಾಗದೆ ಎರಡು ತಿಂಗಳಲ್ಲಿ ಕೋಣೆ ಬಿಟ್ಟೆ. ಒಂದು ದಿನ ಹೋಗಿ ತಪ್ಪಾಯಿತು ಎನ್ನಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ. ಹೋಗುವಷ್ಟರಲ್ಲಿ ಅವರೂ ಇರಲಿಲ್ಲ, ಆ ಮನೆಯೂ ಇರಲಿಲ್ಲ.

ಈಗ ಕುರ್ಚಿಯ ಮಾತು. ನನ್ನ ಹೆಂಡತಿ ಹೋಗಿ ಈ ಕಾರ್ತಿಕಕ್ಕೆ ಎರಡು ವರ್ಷ. ಅವಳು ಕೂರುತ್ತಿದ್ದ ತೇಗದ ಕುರ್ಚಿಗೆ ನಾನೇ ಮೇಣ ಹಾಕಿದ್ದು. ಈ ಮಳೆಗಾಲದಲ್ಲಿ ಅದರ ಬಲಗಡೆಯ ಕೈ ಬೆಳ್ಳಗಾಗತೊಡಗಿತು. ಮೊಮ್ಮಗಳ ಒದ್ದೆ ಕೈ ಇರಬೇಕೆಂದು ಎರಡು ಸಲ ಒರೆಸಿದೆ. ಎರಡು ಸಲವೂ ಬಂತು. ನಾಲ್ಕು ಬೆರಳಿನಗಲ, ಬದಿಯಲ್ಲಿ ಹೆಬ್ಬೆರಳಿನಷ್ಟು...

ಡಬ್ಬಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ಸೊಸೆ, "ಮಾವ, ಸುಮ್ನೆ ಯಾಕೆ ಕಷ್ಟಪಡ್ತೀರಾ? ವಾರ್ನಿಷ್ ಹೊಡೆಸ್ಬಿಡೋಣ, ಒಂದೇ ಸಲಕ್ಕೆ ಹೋಗುತ್ತೆ," ಎಂದಳು.

"ಬೇಡಮ್ಮ," ಎಂದೆ.

ಅವಳು ಒಳಗೆ ಹೋದ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದೆ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅದರ ಎಡಗಡೆಯ ಕೈಯ ಮೇಲೆ ನನ್ನ ಕೈಯಿಟ್ಟೆ. ಬಲಗಡೆಯದನ್ನು ಮುಟ್ಟಲಿಲ್ಲ. ಆ ಕಡೆ ಅವಳದು.