ಸೀಟು ಬೆಚ್ಚಗಿತ್ತು

ಸೈಕಲ್ ಹತ್ತುವ ಮುಂಚೆ ಅವರು ಬಲ ಅಂಗೈಯನ್ನು ಚರ್ಮದ ಸೀಟಿನ ಮೇಲೆ ಊರುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಅಂಗೈಗೆ ಜೀನ್ಸ್ ಬಟ್ಟೆಯ ನೀಲಿ ಹಿಡಿದಿತ್ತು, ಎಷ್ಟು ತೊಳೆದರೂ ಹೋಗದ ನೀಲಿ. ಆ ಕೈ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಕಾಲೆತ್ತಿ ಹತ್ತಿಬಿಡುತ್ತಿದ್ದರು.

ಬಳ್ಳಾರಿಯ ಕೋಟೆ ಗುಡ್ಡದ ಬುಡದಲ್ಲಿ ನಮ್ಮ ಓಣಿ. ಎದುರು ಮನೆಯಲ್ಲಿ ಒಬ್ಬರೇ ಇದ್ದ ಅವರನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಕೆಲಸ. ತಾವೇ ಹೊಲಿದುಕೊಂಡ ಪ್ಯಾಂಟು, ಮೇಲೊಂದು ಉದ್ದನೆಯ ಅಂಗಿ, ಹಣೆಯಲ್ಲಿ ಕಾಸಿನಗಲ ಕುಂಕುಮ, ಸವಾರಿ ಮಾತ್ರ ಗಂಡಸರ ಸೈಕಲ್ ಮೇಲೆ. ಗಂಡ ಮನೆಯಲ್ಲಿರಲಿಲ್ಲ. ಸತ್ತ ಸುದ್ದಿಯೂ ಇರಲಿಲ್ಲ. ಅರಿಶಿನ ಕುಂಕುಮಕ್ಕೆ ಅವರನ್ನು ಕರೆಯಬೇಕೋ ಬೇಡವೋ ಎಂಬುದು ಪ್ರತಿ ಶ್ರಾವಣದಲ್ಲೂ ಓಣಿಯ ಹೆಂಗಸರಿಗೆ ಒಂದು ಪೇಚು. ನಮ್ಮಮ್ಮ ಕರೆಯುತ್ತಿದ್ದಳು. ಉಳಿದವರು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ವರ್ಷ, ಯಾರ್ಯಾರೋ ಸೈಕಲ್ ಮೇಲೆ ದೇಶ ಸುತ್ತುವುದನ್ನು ಮೊಬೈಲಿನಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡೆ. ತೆಳ್ಳನೆಯ ಟೈರಿನ ಸೈಕಲ್ ತಂದೆ. ಮೊಬೈಲ್ ಸಿಕ್ಕಿಸುವ ಹಿಡಿಕೆ, ಮಿಣುಕು ದೀಪ, ಕೈಗವಸು, ಯಾವುದಕ್ಕೂ ಕಡಿಮೆ ಇರಲಿಲ್ಲ. ದೊಡ್ಡಮ್ಮ ಅದಕ್ಕೊಂದು ಪ್ರದಕ್ಷಿಣೆ ಹಾಕಿ ಕೇಳಿದರು: "ಪಂಪ್ ಎಲ್ಲೈತಿ ಮಗಳ?"

ಪಂಪ್ ಇರಲಿಲ್ಲ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು," ಎಂದು ನಕ್ಕು ಒಳಗೆ ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಭಾನುವಾರ ಕುರುಗೋಡಿನ ದಾರಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಎರಡೂ ಚಕ್ರಕ್ಕೆ ಚುಚ್ಚಿ, ಆಟೋದಲ್ಲಿ ಸೈಕಲ್ ಹೇರಿಕೊಂಡು ಬಂದ ಮೇಲೆ ನಾನಾಗಿಯೇ ಅವರ ಬಾಗಿಲು ತಟ್ಟಿದೆ. ಅಂದಿನಿಂದ ನನ್ನ ಪಾಠ ಶುರುವಾಯಿತು.

ಟೈರು ಅಗಲವಿರಬೇಕು. ಹಳೆಯ ಟ್ಯೂಬು ಸೀಳಿ ಅದರೊಳಗೆ ಹಾಸಬೇಕು. ಸಿರುಗುಪ್ಪದ ಕಡೆ ಎರೆಮಣ್ಣು. ಮಳೆ ಬಿದ್ದರೆ ಅದು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕಚ್ಚಿಕೊಂಡು, ಯಾರೋ ಹಿಂದಿನಿಂದ ಹಿಡಿದ ಹಾಗೆ ಚಕ್ರ ನಿಂತುಬಿಡುತ್ತದೆ. ಆದ್ದರಿಂದ ನಡುವೆ ಬೆರಳಾಡುವಷ್ಟು ಜಾಗ ಬಿಡಬೇಕು, ಹೆರೆಯಲು ಒಂದು ಕಡ್ಡಿ ಇಟ್ಟುಕೊಂಡಿರಬೇಕು. ಜೀನ್ಸಿನ ತುಂಡುಗಳಿಂದ ನನಗೊಂದು ಜೋಡಿ ಚೀಲ ಹೊಲಿದುಕೊಟ್ಟು, ಹಿಂದಿನ ಚಕ್ರದ ಎರಡೂ ಪಕ್ಕ ತಗ್ಗಿನಲ್ಲಿ ಕಟ್ಟಿಸಿದರು. "ಬೆನ್ನ ಮ್ಯಾಲ ಏನೂ ಹೊರಬ್ಯಾಡ. ಹೊರಾಕ ಸೈಕಲ್ ಐತಿ, ನೀ ತುಳದ್ರ ಸಾಕು." ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಊರಿದರೆ ಕಾಲು ನೆಟ್ಟಗಾಗಬೇಕು, ಸೀಟಿನ ಎತ್ತರ ಅಷ್ಟು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅವರ ಗಾಳಿಯ ಲೆಕ್ಕ. "ಹೋಗಾಕ ಎದುರುಗಾಳಿ ಇರೋ ದಾರಿ ಹಿಡಿ. ಸುಸ್ತಾದಾಗ ಗಾಳಿನ ಮನಿಗೆ ಕರಕೊಂಡು ಬರ್ತೈತಿ."

ಅವರು ಹೇಳಿದ್ದೆಲ್ಲ ವೇದವಾಕ್ಯವೇನಲ್ಲ. ಹೆಲ್ಮೆಟ್ಟನ್ನು ಕೊಡಪಾನ ಎಂದು ಹಂಗಿಸಿ, ಒಮ್ಮೆ ಬಿದ್ದು ಹುಬ್ಬು ಒಡೆದುಕೊಂಡ ಮೇಲೆ ತೆಪ್ಪಗೆ ಹಾಕಿಕೊಂಡರು. ಸೀಟಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಇರುವೆ ಮುತ್ತಿಸಿಕೊಂಡಿದ್ದೂ ಉಂಟು. ಅವತ್ತು ಇರುವೆಗಳನ್ನು ಒಂದೊಂದಾಗಿ ಊದಿ ಓಡಿಸಿದರೇ ಹೊರತು ಸೀಟಿಗೆ ನೀರು ಸೋಕಿಸಲಿಲ್ಲ.

ಆ ಸೈಕಲ್ಲಿನಲ್ಲಿ ಚಕ್ರ, ಚೈನು, ಹ್ಯಾಂಡಲ್ ಎಲ್ಲ ಕಾಲಕಾಲಕ್ಕೆ ಬದಲಾಗಿದ್ದವು. ಸೀಟು ಮಾತ್ರ ಮೊದಲಿನದೇ. ನಾನೊಮ್ಮೆ ಕೂತು ನೋಡಲೇ ಎಂದಾಗ ಕೈ ಅಡ್ಡ ಹಿಡಿದರು. "ಬ್ಯಾಡ. ಚರ್ಮದ ಸೀಟು ಕುಂತವರ ಆಕಾರ ಹಿಡಿತೈತಿ. ಇನ್ನೊಬ್ಬರದು ನಮಗ ಆಗಂಗಿಲ್ಲ."

ಅವರ ಹಿಂದೆ ತುಳಿಯುತ್ತ ಹೋಗುವಾಗ ನಾನು ಗಮನಿಸಿದ್ದು ಬೇರೆಯೇ. ಸೀಟಿನ ತಗ್ಗು ಅಗಲವಾಗಿತ್ತು, ಎಡಕ್ಕೆ ವಾಲಿತ್ತು. ದೊಡ್ಡಮ್ಮ ಸಣಕಲು ದೇಹದವರು. ಬಲ ಅಂಚಿಗೆ, ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಟ್ಟವರ ಹಾಗೆ ಕೂರುತ್ತಿದ್ದರು. ಅಷ್ಟು ವರ್ಷ ಕೂತರೂ ಆ ತಗ್ಗು ಅವರದಾಗಿರಲಿಲ್ಲ.

ಮೊದಲ ದೂರದ ಸವಾರಿಗೆ ಇಬ್ಬರೂ ಹೊರಟೆವು. ನಸುಕಿನಲ್ಲಿ ಬಳ್ಳಾರಿ ಬಿಟ್ಟು, ಕುರುಗೋಡಿನ ಗುಡ್ಡದ ಕೆಳಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಸಿರುಗುಪ್ಪದಲ್ಲಿ ಅವರ ಪರಿಚಯದವರ ಮನೆಯಲ್ಲಿ ತಂಗಿದೆವು. ಬಿಸಿಲೇರುವ ಮುಂಚೆ ದಾರಿ ಮುಗಿಸಬೇಕು, ಮಟಮಟ ಮಧ್ಯಾಹ್ನ ತುಳಿಯಬಾರದು, ಸೈಕಲ್ಲನ್ನು ನೆರಳಿಗೇ ನಿಲ್ಲಿಸಬೇಕು ಎಂದು ನನ್ನ ತಲೆ ತಿಂದಿದ್ದವರು, ಮರುದಿನ ರೈಸ್ ಮಿಲ್ಲಿನ ಗೋಡೆಯ ನೆರಳಲ್ಲಿ ಸುಮ್ಮನೆ ಕೂತುಬಿಟ್ಟರು. ನೆರಳು ಕಾಲಬುಡಕ್ಕೆ ಬಂದ ಮೇಲೆ ಎದ್ದು, "ನಡಿ, ಹಚ್ಚೊಳ್ಳಿ ಕಡೆ," ಎಂದರು.

"ಈಗೇನ್ರಿ ದೊಡ್ಡಮ್ಮ? ತಲಿ ಸುಡಾಕತ್ತೈತಿ."

"ಈಗನ ಹೋಗಬೇಕು."

ಕಾಲುವೆಯ ಏರಿಯ ಮೇಲೆ ದಾರಿ. ಎರಡೂ ಕಡೆ ಭತ್ತದ ಗದ್ದೆ, ಕಣ್ಣು ಕುಕ್ಕುವ ಬೆಳಕು, ಎಲ್ಲೂ ಒಂದು ನರಪಿಳ್ಳೆಯಿಲ್ಲ. ಕಾಲುವೆ ತುಂಬಿ ಹರಿಯುತ್ತಿತ್ತು, ಸದ್ದಿರಲಿಲ್ಲ. ಒಂದು ಬೇವಿನ ಮರದ ಹತ್ತಿರ ಇಳಿದು, ಸೈಕಲ್ಲನ್ನು ನೆರಳಿನಲ್ಲಿ ಸ್ಟ್ಯಾಂಡ್ ಹಾಕಿ, ಏರಿಯ ಅಂಚಿನಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ. ಆಗ ಹೇಳಿದರು.

ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಹಚ್ಚೊಳ್ಳಿಯಲ್ಲಿದ್ದರಂತೆ. ಸಿರುಗುಪ್ಪಕ್ಕೆ ಹೋದ ಗಂಡ ಊಟಕ್ಕೆ ಬರಲಿಲ್ಲ. ನಿಮ್ಮವರ ಸೈಕಲ್ ಕಾಲುವೆ ಹತ್ತಿರ ನಿಂತಿದೆ ಎಂದು ಯಾರೋ ಹೇಳಿದರು. ಇವರು ಓಡಿಬಂದರು. ಸೈಕಲ್ ಇದೇ ಮರದ ಹತ್ತಿರ ಸ್ಟ್ಯಾಂಡ್ ಮೇಲೆ ನಿಂತಿತ್ತು. ಚಪ್ಪಲಿ ಇಲ್ಲ, ಹೆಜ್ಜೆ ಗುರುತಿಲ್ಲ. ಆಮೇಲೆ ಕಾಲುವೆಯುದ್ದಕ್ಕೂ ಹುಡುಕಿದರು, ಸಿಗಲಿಲ್ಲ. ಅವರನ್ನು ಗಡಿಯಾಚೆ ಆದೋನಿಯ ಕಡೆ ಕಂಡೆವು ಎಂದವರೂ ಇದ್ದರು.

"ನಾ ಬಂದು ಸೀಟ್ ಮ್ಯಾಲ ಕೈ ಇಟ್ಟೆ. ಬೆಚ್ಚಗಿತ್ತು. ಬಿಸಿಲಿಗೋ, ಅವ್ರಿಗೋ?"

ನಾನು ತಿರುಗಿ ಸೈಕಲ್ ಕಡೆ ನೋಡಿದೆ.

"ನೆರಳಾಗ ನಿಂತಿದ್ರ ಅದು ಅವ್ರ ಬಿಸಿ. ಬಿಸಿಲಾಗ ನಿಂತಿದ್ರ ಸೂರ್ಯಂದು. ಆದ್ರ ನೆರಳು ಎಲ್ಲಿತ್ತು ಅಂತ ನಾ ನೋಡ್ಲೇ ಇಲ್ಲ. ಆಗ ನಂಗ ಸೈಕಲ್ ಬಗ್ಗೆ ಏನ್ ಗೊತ್ತಿತ್ತು? ಗೊತ್ತಿದ್ರ ಮೊದ್ಲು ನೆರಳ ನೋಡ್ತಿದ್ದೆ." ನೀರಿನತ್ತ ತಿರುಗಿದರು. "ಅವ್ರ ಬಿಸಿ ಆಗಿದ್ರ, ಆಗಷ್ಟ ಇಳಿದಾರ. ಇಲ್ಲೇ ಎಲ್ಲೋ ಅದಾರ. ನಾ ಕೂಗಿದ್ದು ಅವ್ರಿಗೆ ಕೇಳಿರತೈತಿ."

ಊರ ಹಿರಿಯರು ಕುಂಕುಮ ಅಳಿಸು ಎಂದಾಗ ಇವರು ಕೇಳಿದ್ದು ಇದೇ ಪ್ರಶ್ನೆಯಂತೆ. ಬಿಸಿಲಿಗೋ, ಅವರಿಗೋ, ಯಾರಾದರೂ ಹೇಳಿ, ಆಮೇಲೆ ಅಳಿಸುತ್ತೇನೆ. ಯಾರೂ ಹೇಳಲಿಲ್ಲ. ಅವರು ಅದೇ ಸೈಕಲ್ ಮೇಲೆ ಸವಾರಿ ಕಲಿತರು. ಪ್ರತಿ ವರ್ಷ ಅದೇ ಮಾಸದಲ್ಲಿ, ಅದೇ ಹೊತ್ತಿಗೆ ಬಂದು, ನೆರಳು ಎಲ್ಲಿ ಬೀಳುತ್ತದೆ ಎಂದು ನೋಡುತ್ತ ಕೂರುತ್ತಿದ್ದರು. ಮರ ಬೆಳೆದಿತ್ತು. ನೆರಳೂ ಅದರ ಜೊತೆಗೆ ಹರಡಿತ್ತು.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂತು. ದೂರದಿಂದ ತೆಲುಗು ಹಾಡು ಜೋರಾಗಿ ಕೇಳುತ್ತಿತ್ತು. ಮರದ ಹತ್ತಿರ ಬರುತ್ತಿದ್ದಂತೆ ಹಾಡನ್ನೂ ಗಾಡಿಯನ್ನೂ ನಿಲ್ಲಿಸಿದ ಡ್ರೈವರ್ ನಮ್ಮಿಬ್ಬರನ್ನೂ, ಗಂಡಸರ ಸೈಕಲ್ಲನ್ನೂ ನೋಡಿ, "ಯಜಮಾನ್ರು ಎಲ್ಲಿ ಹೋದ್ರವ್ವ?" ಎಂದ.

"ಇಲ್ಲೇ ಹೋಗ್ಯಾರಪ್ಪ, ಬರ್ತಾರ," ಎಂದರು ದೊಡ್ಡಮ್ಮ, ಪಕ್ಕದ ಅಂಗಡಿಗೆ ಹೋದವರ ಬಗ್ಗೆ ಹೇಳುವ ಹಾಗೆ. ಟ್ರ್ಯಾಕ್ಟರ್ ದೂರ ಹೋದ ಮೇಲೆ ಹಾಡು ಮತ್ತೆ ಶುರುವಾಯಿತು.

ಹೊರಡುವಾಗ, "ನೀ ಮುಟ್ಟಿ ನೋಡು," ಎಂದರು. ಸೀಟು ತಣ್ಣಗಿತ್ತು. ಹಾಗೆಂದೆ. ತಲೆಯಾಡಿಸಿ ಹತ್ತಿದರು, ಬಲ ಅಂಚಿಗೆ.

ಆಮೇಲೆ ಎಷ್ಟೋ ಸವಾರಿ ಮಾಡಿದೆವು. ಹೋದ ವರ್ಷ ಅವರ ಹೃದಯ ಸೋತಿತು. ಕಡ್ಡಿಯಂತೆ ಸೊರಗಿ ನಡುಮನೆಯಲ್ಲಿ ಮಲಗಿದರು. ನಡುಮನೆಗೆ ಕಿಟಕಿಯಿಲ್ಲ, ಹಗಲಲ್ಲೂ ದೀಪ ಬೇಕು. ಸೈಕಲ್ಲನ್ನು ಅಲ್ಲೇ, ಕಣ್ಣಿಗೆ ಬೀಳುವಂತೆ ಗೋಡೆಗೆ ನಿಲ್ಲಿಸಿದ್ದೆವು. ಕೆಲಸ ಮುಗಿಸಿ ಹೋದಾಗಲೆಲ್ಲ ಮೊದಲ ಮಾತು ಒಂದೇ: "ಸೀಟು ಮುಟ್ಟಿ ನೋಡು."

"ತಣ್ಣಗೈತಿ ದೊಡ್ಡಮ್ಮ."

"ನಾ ಹೋದ ಮ್ಯಾಲೂ ನೋಡ್ತಿರು," ಎಂದರು ಒಮ್ಮೆ. ಅಂಥ ಮಾತು ಆಡಬೇಡಿ ಎಂದು ನಾನು ಗದರಿದೆ. ಗದರಿದ್ದು ನನ್ನ ಅಳು ಮುಚ್ಚಿಕೊಳ್ಳಲು.

ಒಂದು ಬೆಳಗ್ಗೆ ಹೋದರು. ಕುಂಕುಮ ಇಡಬೇಕೋ ಬೇಡವೋ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. "ಗೊತ್ತಿಲ್ಲದ್ದಕ್ಕ ಯಾಕ ಅಳಸೋದು?" ಎಂದು ನಮ್ಮಮ್ಮ ತಾನೇ ಮುಂದಾಗಿ ಕಾಸಿನಗಲ ಇಟ್ಟಳು. ಗಂಡಸರು ಹೊತ್ತುಕೊಂಡು ಹೋದರು. ಹೆಂಗಸರು ಮೀಯಲು ಚದುರಿದರು. ಮನೆ ತೊಳೆಯಲು ನಾನೊಬ್ಬಳೇ ಉಳಿದೆ.

ಮಟಮಟ ಮಧ್ಯಾಹ್ನ. ಹೊರಗೆ ಓಣಿ ಬೆಂದು ಬಿಳಿಚಿತ್ತು, ನಡುಮನೆ ಕತ್ತಲು. ತಿಂಗಳುಗಟ್ಟಲೆ ಆ ಸೈಕಲ್ಲಿಗೆ ಬಿಸಿಲು ತಾಗಿರಲಿಲ್ಲ, ಅದರ ಮೇಲೆ ಯಾರೂ ಕೂತಿರಲಿಲ್ಲ. ಪೊರಕೆ ಕೆಳಗಿಟ್ಟು, ಅವರು ಹೇಳಿದ್ದಂತೆ ಕೈಯನ್ನು ಸೀಟಿನ ಮೇಲಿಟ್ಟೆ.

ಬೆಚ್ಚಗಿತ್ತು.

ಅಗಲ ತಗ್ಗಿನಲ್ಲೂ ಬೆಚ್ಚಗಿತ್ತು, ಬಲ ಅಂಚಿನಲ್ಲೂ ಬೆಚ್ಚಗಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ. ಹೆದರಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಆಗಷ್ಟೇ ಇಳಿದವರು ಇನ್ನೂ ದೂರ ಹೋಗಿರುವುದಿಲ್ಲ ಎಂದು ನನಗೆ ಕಲಿಸಿದ್ದು ಅವರೇ. ಬಾಗಿಲಿಗೆ ಬಂದು, ಖಾಲಿ ಓಣಿಯ ಕಡೆ ಮುಖ ಮಾಡಿ, "ದೊಡ್ಡಮ್ಮಾ" ಎಂದು ಜೋರಾಗಿ ಕೂಗಿದೆ. ಕೇಳಿರುತ್ತದೆ.