ಎಡಗಿವಿಗೆ ಸಣ್ಣದು

ನಮ್ಮ ಮೇಲಿನ ಮನೆಯವಳಿಗೆ ನಲವತ್ತಾರು ವರ್ಷ. ಆದರೂ ಅವಳ ತಾಯಿ ಅವಳನ್ನು ಕರೆಯುವುದು ‘ಮರಿ’ ಎಂದೇ. ಕೇಳಿ ಕೇಳಿ ನನಗೂ ಅದೇ ರೂಢಿಯಾಯಿತು. ನಾನು ಕೆಳಗಿನ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಅವಳ ಪಾಲಿಗೆ ಟೈಲರಕ್ಕ. ಅವಳ ತಾಯಿಯನ್ನು ನಾನು ದೊಡ್ಡಮ್ಮ ಎನ್ನುತ್ತೇನೆ. ರಕ್ತಸಂಬಂಧವೇನೂ ಇಲ್ಲ, ಹನ್ನೆರಡು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದ ಸಂಬಂಧ.

ಮರಿಯದು ಕೇಳಿ ಬರೆಯುವ ಕೆಲಸ. ಆಸ್ಪತ್ರೆಯ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಮೈಕಿಗೆ ಬಾಯಿಟ್ಟು ಗೊಣಗಿದ್ದನ್ನೆಲ್ಲ ಇವಳು ಮನೆಯಲ್ಲಿ ಕೂತು ಇಯರ್‌ಫೋನಿನಲ್ಲಿ ಕೇಳಿ, ಟೈಪ್ ಮಾಡಿ ಕಳಿಸಬೇಕು. ಮೇಜಿನ ಕೆಳಗೆ ಒಂದು ಪೆಡಲ್ ಇದೆ. ಒತ್ತಿದರೆ ಮಾತು ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. “ನಂದೂ ನಿಮ್ದೂ ಒಂದೇ ಕಸುಬು ಟೈಲರಕ್ಕ, ಇಬ್ರೂ ಕಾಲಲ್ಲಿ ದುಡಿಯೋರು” ಎಂದು ಒಮ್ಮೆ ನಗಿಸಿದ್ದಳು. ಆಗೆಲ್ಲ ಅವಳೂ ನಗುತ್ತಿದ್ದಳು.

ಅವಳ ತೊಂದರೆಯೆಲ್ಲ ಕಿವಿಯದು. ಎರಡು ಕಿವಿ ಎರಡು ಅಳತೆ. ಇಯರ್‌ಫೋನಿನ ಡಬ್ಬಿಯಲ್ಲಿ ಕಿವಿಯೊಳಗೆ ಕೂರುವ ಮೂರು ಜೊತೆ ರಬ್ಬರ್ ಟಿಪ್ಪುಗಳು ಬರುತ್ತವಲ್ಲ, ಸಣ್ಣದು, ಮಧ್ಯಮ, ದೊಡ್ಡದು ಎಂದು, ಅದರಲ್ಲಿ ಒಂದು ಜಾರುತ್ತಿತ್ತು, ಒಂದು ಒತ್ತುತ್ತಿತ್ತು, ಒಂದು ಸಂಜೆಯ ಹೊತ್ತಿಗೆ ಕಿವಿ ಕೆಂಪಾಗಿಸುತ್ತಿತ್ತು. ಟಿಪ್ ಸಡಿಲವಾದರೆ ಡಾಕ್ಟರು ‘ಗಡ್ಡೆ ಇದೆ’ ಅಂದರೋ ‘ಗಡ್ಡೆ ಇಲ್ಲ’ ಅಂದರೋ ಗೊತ್ತಾಗುವುದಿಲ್ಲ. ಒಂದು ಸಾಲಿಗೆ ನಾಲ್ಕು ಸಲ ಹಿಂದೆ ಹೋಗಬೇಕು.

“ಒಂದು ಕಿವಿ ನಂದು, ಇನ್ನೊಂದು ಅವರಪ್ಪಂದು” ಎನ್ನುತ್ತಿದ್ದರು ದೊಡ್ಡಮ್ಮ. “ಅವರಿದ್ದಾಗ್ಲೇ ನಾವಿಬ್ರೂ ಹೊಂದ್ಕೊಳ್ಲಿಲ್ಲ. ಇನ್ನು ಕಿವಿ ಹೊಂದ್ಕೊಳ್ಳುತ್ತಾ?”

ಕಡೆಗೆ ಮರಿಗೆ ಸ್ಪಂಜಿನ ಟಿಪ್ಪು ಸಿಕ್ಕಿತು. ಬೆರಳ ನಡುವೆ ಹೊಸೆದು ತೆಳ್ಳಗೆ ಮಾಡಿ ಕಿವಿಗೆ ತೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿದರೆ ಅದು ಒಳಗೇ ಉಬ್ಬಿ ಆ ಕಿವಿಗೆ ತಕ್ಕ ಹಾಗೆ ಕೂರುತ್ತದೆ. ಒಂದು ಜೊತೆಯನ್ನು ನನಗೂ ಹಾಕಿ ತೋರಿಸಿದಳು. ಬೀದಿಯ ಸದ್ದೆಲ್ಲ ಆರಿಹೋಯಿತು. ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳಿಸಿತು. “ಹೇಗಿದೆ?” ಎಂದು ಅವಳ ತುಟಿ ಆಡಿದ್ದು ಕಂಡಿತು, ದನಿ ಬರಲಿಲ್ಲ. ಅವಳ ಕೆಲಸ ಚುರುಕಾಯಿತು, ತಪ್ಪುಗಳು ನಿಂತವು. ಮೇಲ್ವಿಚಾರಕಿ ಫೋನ್ ಮಾಡಿ ಹೊಗಳಿದಳಂತೆ.

ಅದಾಗಿ ಎರಡು ತಿಂಗಳಿಗೆ ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರಿಗೆ, ದೊಡ್ಡಮ್ಮ ಬಾತ್‌ರೂಮಿನಲ್ಲಿ ಜಾರಿಬಿದ್ದರು.

ನಾನು ಶರ್ಟೊಂದರ ಸವೆದ ಕಾಲರು ಬಿಚ್ಚಿ, ತಿರುಗಿಸಿ ಹೊಲಿಯುತ್ತಿದ್ದೆ. ಯಂತ್ರದ ಸದ್ದಿನ ಸಂದಿಯಲ್ಲಿ ಯಾರೋ ಕರೆದಂತಾಯಿತು. ಕಾಲು ನಿಲ್ಲಿಸಿ ಆಲಿಸಿದೆ. ಮತ್ತೆ ಕೇಳಿಸಿತು. ಮೇಲೆ ಹೋಗಿ ಬೆಲ್ ಒತ್ತಿದೆ, ಮೂರು ಸಲ. ಬಾಗಿಲನ್ನೂ ಬಡಿದೆ. ಯಾರೂ ಬರಲಿಲ್ಲ. ತಾಯಿ ಮಗಳು ಎಲ್ಲೋ ಹೊರಗೆ ಹೋಗಿರಬೇಕು, ಕೂಗು ಪಕ್ಕದ ಕಟ್ಟಡದ್ದಿರಬೇಕು ಎಂದುಕೊಂಡು ಇಳಿದು ಬಂದೆ. ಬಂದು ಕಾಲರು ಮುಗಿಸಿದೆ. ಇನ್ನೊಂದು ಶರ್ಟಿನದೂ ಮುಗಿಸಿದೆ.

ಹನ್ನೊಂದೂ ಮುಕ್ಕಾಲಿಗೆ ಮರಿ ನನ್ನ ಬಾಗಿಲಲ್ಲಿ ನಿಂತಿದ್ದಳು. ಇಯರ್‌ಫೋನಿನ ವೈರು ಕೊರಳಲ್ಲಿ ನೇತಾಡುತ್ತಿತ್ತು. “ಟೈಲರಕ್ಕ, ಸ್ವಲ್ಪ ಮೇಲೆ ಬನ್ನಿ. ಅಮ್ಮ ಬಿದ್ದಿದ್ದಾರೆ” ಎಂದಳು. ಸೂಜಿ ಇದ್ದರೆ ಕೊಡಿ ಎಂದು ಕೇಳುವಾಗಲೂ ಅದೇ ದನಿ ಅವಳದು.

ಸೊಂಟದ ಮೂಳೆ ಮುರಿದಿತ್ತು. ಆಪರೇಶನ್ ಆಯಿತು. ನಾಲ್ಕನೆಯ ದಿನ ನಾನು ನೋಡಲು ಹೋದಾಗ ಮರಿ ಔಷಧ ತರಲು ಕೆಳಗಿಳಿದಿದ್ದಳು. ಇದೇ ಸಮಯವೆಂದು ದೊಡ್ಡಮ್ಮನಿಗೆ ಹೇಳಿಬಿಟ್ಟೆ. “ಅವತ್ತು ನಾನು ಮೇಲೆ ಬಂದಿದ್ದೆ ದೊಡ್ಡಮ್ಮ. ಬೆಲ್ ಮಾಡಿ ವಾಪಸ್ ಹೋದೆ.”

“ಗೊತ್ತು ಕಣಮ್ಮ” ಎಂದರು ಅವರು. “ಮೂರು ಸಲ ಬೆಲ್ ಮಾಡಿದೆ ನೀನು. ಆಮೇಲೆ ನಿನ್ನ ಚಪ್ಪಲಿ ಮೆಟ್ಟಿಲು ಇಳಿದಿದ್ದೂ ಕೇಳಿಸ್ತು. ನನ್ನ ಕಿವಿ ಇನ್ನೂ ಚೆನ್ನಾಗಿದೆ.” ಮುನಿಸಿನ ಸುಳಿವೂ ಇರಲಿಲ್ಲ. ಹೊದಿಕೆ ಎಳೆದುಕೊಂಡು, ಪಕ್ಕದ ಹಾಸಿಗೆಯಾಕೆ ಎಷ್ಟು ಗೊರಕೆ ಹೊಡೆಯುತ್ತಾಳೆಂದು ಹೇಳತೊಡಗಿದರು. ನನಗೆ ಏನೋ ಆಗಬೇಕಿತ್ತು. ಏನೂ ಆಗಲಿಲ್ಲ. ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ಗಡಿಯಾರ ನೋಡಿದೆ.

ಮರಿಯೂ ಹಾಗೇ ಇದ್ದಳು. ಅತ್ತಿದ್ದನ್ನು ಯಾರೂ ನೋಡಲಿಲ್ಲ. ದೂರದಿಂದ ಬಂದ ಚಿಕ್ಕಪ್ಪ “ನೀನು ಮನೇಲೇ ಇದ್ದೆ ಅಲ್ವೇ?” ಎಂದು ಎರಡು ಸಲ ಕೇಳಿದಾಗ, ಎರಡು ಸಲವೂ “ಹೌದು, ಇದ್ದೆ” ಎಂದಳು. ಊಟ ಮಾಡುತ್ತಿದ್ದಳು, ನಿದ್ದೆಯೂ ಬರುತ್ತಿತ್ತಂತೆ. ಮನಸ್ಸು ಮರಗಟ್ಟಿದೆ ಅನ್ನುತ್ತಾರಲ್ಲ, ಹಾಗೆ. ಬಹಳ ಹೊತ್ತು ಕಾಲು ಮಡಿಸಿ ಕೂತಾಗ ಕಾಲು ನಮ್ಮದಲ್ಲ ಅನ್ನಿಸುವುದಿಲ್ಲವೇ, ಅವಳಿಗೆ ಇಡೀ ಮೈ ಹಾಗಾಗಿತ್ತು.

ರಜೆ ಮುಗಿದು ಕೆಲಸಕ್ಕೆ ಕೂತ ಮೂರನೆಯ ದಿನ ಅವಳ ಸರದಿಗೆ ಒಂದು ಹಳೆಯ ಫೈಲು ಬಂತು. ಅವಳು ಕೇಳಿ ಬರೆಯುತ್ತಿದ್ದುದು ದೊಡ್ಡಮ್ಮನಿಗೆ ಆಪರೇಶನ್ ಆದ ಆಸ್ಪತ್ರೆಯ ಡಾಕ್ಟರುಗಳದೇ. ‘ಎಪ್ಪತ್ನಾಲ್ಕು ವರ್ಷದ ಮಹಿಳೆ. ಮನೆಯ ಬಾತ್‌ರೂಮಿನಲ್ಲಿ ಬಿದ್ದಿದ್ದಾರೆ. ಸುಮಾರು ನಲವತ್ತು ನಿಮಿಷ ನೆಲದ ಮೇಲೇ ಇದ್ದರು. ಕರೆದರೂ ಮನೆಯವರಿಗೆ ಕೇಳಿಸಿಲ್ಲ.’

“ಪೂರ್ತಿ ಟೈಪ್ ಮಾಡಿದೆ” ಎಂದು ಮರಿ ನನಗೆ ಹೇಳಿದಳು. “ಒಂದು ತಪ್ಪೂ ಇರ್ಲಿಲ್ಲ. ಕಳಿಸಿ ಮುಂದಿನ ಫೈಲ್ ತಗೊಂಡೆ.” ಹೇಳುವಾಗ ನನ್ನ ಮೇಜಿನ ಮೇಲಿದ್ದ ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. “ನನಗೆ ಅಳು ಬರ್ಲಿಲ್ಲ ಟೈಲರಕ್ಕ. ಬರಬೇಕಿತ್ತಲ್ವಾ?”

“ಬರೋವಾಗ ಬರುತ್ತೆ ಬಿಡು” ಎಂದೆ. 

ದೊಡ್ಡಮ್ಮ ಮನೆಗೆ ಬಂದ ಮೇಲೆ ಅವಳು ಎಡಗಿವಿ ಬರಿದು ಬಿಟ್ಟು ಒಂದೇ ಕಿವಿಯಲ್ಲಿ ಕೇಳತೊಡಗಿದಳು. ತಪ್ಪುಗಳು ಶುರುವಾದವು. ಯಾರದೋ ವರದಿಯಲ್ಲಿ ‘ಇಲ್ಲ’ ಇರುವಲ್ಲಿ ‘ಇದೆ’ ಎಂದು ಬರೆದದ್ದು ಮೇಲ್ವಿಚಾರಕಿಯ ಕಣ್ಣಿಗೆ ಬಿತ್ತು. “ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ” ಎಂದಳಂತೆ ಆಕೆ.

ಆಗ ನಾನು ಅವಳನ್ನು ಹೊರಡಿಸಿಕೊಂಡು ಇಯರ್‌ಫೋನ್ ಅಂಗಡಿಗೆ ಹೋದೆ. ಅಂಗಡಿಯವನು ಮಾತುಗಾರ. ಗಾಜಿನ ಮೇಲೆ ಟಿಪ್ಪುಗಳನ್ನು ಸಾಲಾಗಿ ಜೋಡಿಸಿದ. “ಹಾಕ್ಕೊಂಡು ಬಾಯಿ ಮುಚ್ಚಿ ‘ಮ್’ ಅನ್ನಿ. ನಿಮ್ಮ ದನಿ ತಲೆಯೊಳಗೇ ಗುಂಯ್ ಅಂದ್ರೆ ಸರಿಯಾಗಿ ಕೂತಿದೆ ಅಂತ.”

“ಪೂರ್ತಿ ಕೂರಬಾರದು” ಎಂದಳು ಮರಿ. “ಒಂಚೂರು ಸೋರಬೇಕು.”

“ಸೋರಬೇಕಾ? ಕೊಡೆ ಕೊಳ್ಳೋಕೆ ಬಂದು ತೂತಿರೋದು ಕೊಡಿ ಅಂದ ಹಾಗಾಯ್ತಲ್ಲಮ್ಮ!”

“ಅಮ್ಮ ಬಾತ್‌ರೂಮಿಂದ ಕರೆದ್ರೆ ಕೇಳಿಸಬೇಕು.”

ಅವನ ನಗು ಅಲ್ಲೇ ನಿಂತಿತು. ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದ. ಅಂಚಿನಲ್ಲಿ ಸಣ್ಣ ರಂಧ್ರವಿದ್ದದ್ದು, ತೀರಾ ತೆಳು ರಬ್ಬರಿನದು, ಎರಡು ಪದರದ್ದು. “ಮನೇಲಿ ಹಾಕಿ ನೋಡಿ. ಬೇಡದ್ದು ವಾಪಸ್ ತನ್ನಿ” ಎಂದ.

ಮರುದಿನ ಮಧ್ಯಾಹ್ನ ಪರೀಕ್ಷೆ. ಏರ್ಪಾಡೆಲ್ಲ ದೊಡ್ಡಮ್ಮನದೇ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಗಿಲು ಎಳೆಸಿಕೊಂಡರು. ಮರಿ ಕೋಣೆಯಲ್ಲಿ ಮೇಜಿನ ಮುಂದೆ. ನಾನು ನಡುವೆ, ಇಬ್ಬರ ದನಿಯೂ ಕೇಳುವಲ್ಲಿ.

ಮೊದಲು ಎರಡೂ ಕಿವಿಗೆ ಸ್ಪಂಜು. “ಏ ಮರೀ, ಮನೆಗೆ ಕಳ್ಳ ಬಂದ ಕಣೇ!” ಎಂದು ದೊಡ್ಡಮ್ಮ ಕೂಗಿದರು. ಮರಿಯ ಬೆರಳು ಓಡುತ್ತಲೇ ಇತ್ತು. ತೆಳು ರಬ್ಬರಿನದು ಹಾಕಿದಾಗ ಕೂಗು ಕೇಳಿಸಿತು, ಡಾಕ್ಟರ ಮಾತು ಕೇಳಿಸಲಿಲ್ಲ. ರಂಧ್ರದ್ದಕ್ಕೆ ಎರಡೂ ಅರ್ಧಂಬರ್ಧ.

“ಅಷ್ಟು ಜೋರಾಗಿ ಕೂಗ್ಬೇಡಿ ದೊಡ್ಡಮ್ಮ” ಎಂದೆ. “ಅವತ್ತು ಹೇಗೆ ಕರೆದ್ರೋ ಹಾಗೆ ಕರೀರಿ.”

ದೊಡ್ಡಮ್ಮ ದನಿ ತಗ್ಗಿಸಿ “ಮರೀ...” ಎಂದರು. ಇನ್ನೊಮ್ಮೆ “ಮರೀ...” ಎಂದರು.  ಕಾಲರು ತಿರುಗಿಸುವಾಗ ನನಗೆ ಕೇಳಿಸಿದ್ದು ಇದೇ ಕೂಗು.

ಆಗ ಮರಿಯ ಬಲಗಿವಿಯಲ್ಲಿ ಸ್ಪಂಜಿತ್ತು, ಎಡಗಿವಿಯಲ್ಲಿ ಎಲ್ಲಕ್ಕಿಂತ ಸಣ್ಣ ರಬ್ಬರು. ಅವಳ ಕಾಲು ಪೆಡಲಿನಿಂದ ಮೇಲೆದ್ದಿತು. ಎದ್ದು ಬಂದು ನನ್ನನ್ನು ದಾಟಿ ಬಾಗಿಲು ತೆರೆದಳು.

“ಕೇಳಿಸ್ತು” ಎಂದಳು.

“ನಿಜವಾಗ್ಲೂ? ಎಷ್ಟು ಸಲ ಕರೆದೆ ಹೇಳು ನೋಡೋಣ.”

“ಎರಡು.”

“ಸರಿ, ಎಬ್ಬಿಸು ನನ್ನ. ಕುರ್ಚಿ ಒದ್ದೆ ಇತ್ತು, ಯಾರೂ ಒರೆಸಿಲ್ಲ” ಎಂದರು ದೊಡ್ಡಮ್ಮ. ಮರಿ ತಾಯಿಯ ಕಂಕುಳಿಗೆ ಕೈಯಿಟ್ಟು ಎತ್ತಿದಳು. ಮುಖದಲ್ಲಿ ಏನೂ ಇರಲಿಲ್ಲ. ಆದರೆ ವಾಕರ್ ಕೊಟ್ಟ ಮೇಲೂ ಆ ಕೈ ತೆಗೆಯಲಿಲ್ಲ.

ಉಳಿದ ಟಿಪ್ಪುಗಳನ್ನು ನಾನೇ ಅಂಗಡಿಗೆ ಮುಟ್ಟಿಸಿದೆ. ಎಡಗಿವಿಯಲ್ಲಿ ಈಗಲೂ ಡಾಕ್ಟರ ಮಾತು ಸೋರುತ್ತದೆ. ಹಿಂದೆ ಮಾಡುತ್ತಿದ್ದುದರ ಮುಕ್ಕಾಲು ಪಾಲು ಕೆಲಸವಷ್ಟೇ ಅವಳ ಕೈಯಲ್ಲಿ ಆಗುವುದು. ಮೇಲ್ವಿಚಾರಕಿಯೇ ಅವಳಿಗೆ ಅವಸರವಿಲ್ಲದ ಫೈಲುಗಳನ್ನು ಗೊತ್ತುಮಾಡಿದ್ದಾಳೆ. ದೊಡ್ಡಮ್ಮ ದಿನಕ್ಕೆ ಹತ್ತು ಸಲ ಕರೆಯುತ್ತಾರೆ, ಬಹಳ ಸಲ ಏನೂ ಕೆಲಸವಿರುವುದಿಲ್ಲ. ಮರಿ ಹತ್ತು ಸಲವೂ ಏಳುತ್ತಾಳೆ. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಮತ್ತೆ ಕೇಳಲೂ ಇಲ್ಲ.

ಮೊನ್ನೆ ಮೇಜನ್ನು ಕೋಣೆಯಿಂದ ಬಾತ್‌ರೂಮಿಗೆ ಹತ್ತಿರವಾಗಲೆಂದು ಹಜಾರಕ್ಕೆ ತಂದಿದ್ದಾರೆ. ಅಲ್ಲಿ ಮಧ್ಯಾಹ್ನದ ಬಿಸಿಲು ನೇರ ಕಂಪ್ಯೂಟರಿನ ಮೇಲೆ ಹೊಡೆದು ಅಕ್ಷರ ಕಾಣುವುದಿಲ್ಲವಂತೆ. ಟೇಪು ಹಿಡಿದು ಹೋಗಿ ಕರ್ಟನ್ ಹೊಲಿಯಲು ಕಿಟಕಿಯ ಅಳತೆ ತೆಗೆದುಕೊಂಡು ಬಂದೆ. ದಪ್ಪ ಬಟ್ಟೆಯೇ ಇರಲಿ ಎಂದಳು ಮರಿ.